ಪೇಷೆಂಟ್ ಕಡೆಯವರು

ದೊಡ್ಡಾಸ್ಪತ್ರೆಯ ಐಸಿಯು ಹೊರಗೆ ಒಂದು ರಾತ್ರಿ ಕಳೆದವರಿಗೆ ಈ ಕೂಗು ಗೊತ್ತು. ಬಾಗಿಲು ಅರ್ಧ ತೆರೆಯುತ್ತದೆ, ನರ್ಸ್ ಒಬ್ಬರು ತಲೆ ಹೊರಗೆ ಹಾಕಿ ಕೇಳುತ್ತಾರೆ: "ಬೆಡ್ ನಂಬರ್ ಹನ್ನೊಂದು, ಪೇಷೆಂಟ್ ಕಡೆಯವರು ಯಾರ್ರೀ?" ಗೋಡೆಗೊರಗಿ ತೂಕಡಿಸುತ್ತಿದ್ದ ಯಾರೋ ದಡಬಡಿಸಿ ಎದ್ದು, ಒಂದು ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ಇನ್ನೊಂದನ್ನು ಹುಡುಕುತ್ತಾ, ಚೀಟಿ ಈಸಿಕೊಂಡು ಮೆಡಿಕಲ್ ಶಾಪಿಗೆ ಓಡುತ್ತಾರೆ. ಅಲ್ಲಿಂದ ಮುಂದೆ ಅವರ ಹೆಸರೇ 'ಕಡೆಯವರು'. ಸರ್ಕಾರಿ ಕಾಗದಗಳಲ್ಲಿ 'ಆರೈಕೆದಾರರು' ಎಂಬ ಪದವಿದೆ. ಮನೆಯಲ್ಲಿ ಯಾರೂ ಆ ಮಾತು ಆಡುವುದಿಲ್ಲ. "ಅವರನ್ನ ನೋಡ್ಕೊಳ್ಳೋದೆಲ್ಲ ಇವಳೇ" ಎಂದರೆ ಮುಗಿಯಿತು. ಕಡೆಯವರು ಎಂಬುದಕ್ಕೆ ಕನ್ನಡದಲ್ಲಿ ಇನ್ನೊಂದು ಅರ್ಥವೂ ಇದೆಯಲ್ಲ, ಸಾಲಿನ ಕೊನೆಯಲ್ಲಿ ನಿಂತವರು ಅಂತ. ತಲೆಗೆ ಪೆಟ್ಟು ಬಿದ್ದವರ ಮನೆಗಳಲ್ಲಿ ಆ ಎರಡನೇ ಅರ್ಥವೇ ಹೆಚ್ಚು ಸರಿ.

ನನ್ನ ದೊಡ್ಡಮ್ಮನ ಮಗಳನ್ನು ಕೊಟ್ಟಿರುವುದು ಅರಸೀಕೆರೆ ಹತ್ತಿರದ ಒಂದು ಹಳ್ಳಿಗೆ. ಭಾವ ಅಲ್ಲಿನ ಸೊಸೈಟಿಯಲ್ಲಿ ಕಾರ್ಯದರ್ಶಿಯಾಗಿದ್ದರು. ಐದು ವರ್ಷದ ಹಿಂದೆ ಒಂದು ರಾತ್ರಿ ಬೈಕಿನಲ್ಲಿ ಬರುವಾಗ ಎಮ್ಮೆ ಅಡ್ಡ ಬಂತು. ಹೆಲ್ಮೆಟ್ ಇತ್ತು, ಕನ್ನಡಿಗೆ ನೇತುಹಾಕಿತ್ತು. ಬೆಂಗಳೂರಿಗೆ ತಂದು, ತಲೆಬುರುಡೆ ತೆರೆದು, ಹೆಪ್ಪುಗಟ್ಟಿದ ರಕ್ತ ತೆಗೆದರು. ಇಪ್ಪತ್ತಾರು ದಿನ ಆಸ್ಪತ್ರೆ. ವಾಪಸು ಊರಿಗೆ ಬಂದಾಗ ಕಾರಿಂದ ಇಳಿದು ತಮ್ಮ ಕಾಲ ಮೇಲೆ ತಾವೇ ನಡೆದು ಮನೆಯೊಳಗೆ ಹೋದರು. ಬೀದಿಯವರೆಲ್ಲ ಕೈಮುಗಿದರು. ಅಕ್ಕ ಮಾಲೇಕಲ್ಲು ತಿರುಪತಿಗೆ ಹೋಗಿ ಹರಕೆ ತೀರಿಸಿ ಬಂದಳು. ಕಥೆ ಅಲ್ಲಿಗೆ ಸುಖಾಂತ ಎಂದೇ ನಾವೆಲ್ಲ ತಿಳಿದೆವು.

ಎಂಟು ತಿಂಗಳ ನಂತರ ಒಂದು ಮಧ್ಯಾಹ್ನ ನಾನು ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಮುದ್ದೆ, ಅವರೆಕಾಳಿನ ಸಾರು. ಸಾರಿಗೆ ಉಪ್ಪು ಒಂದು ಹರಳು ಕಡಿಮೆಯಿತ್ತೋ ಏನೋ, ಭಾವ ತಟ್ಟೆ ಎತ್ತಿ ಗೋಡೆಗೆ ಬೀಸಿದರು. ಅದರ ಹಿಂದೆಯೇ ಒಂದು ಬೈಗುಳ. ಆ ಪದ ಅವರ ಬಾಯಲ್ಲಿ ಬರಬಹುದು ಅಂತ ಯಾರಾದರೂ ಹೇಳಿದ್ದರೆ ಮೊದಲು ನಾನು ನಂಬುತ್ತಿರಲಿಲ್ಲ. ಸೊಸೈಟಿಯಲ್ಲಿ ಸಾಲಗಾರರ ಮೇಲೂ ದನಿ ಏರಿಸದ ಮನುಷ್ಯ ಅದು. ಅಕ್ಕ ಮಾತಾಡಲಿಲ್ಲ. ಗೋಡೆ ಮೇಲೆ ಇಳಿಯುತ್ತಿದ್ದ ಸಾರನ್ನು ಹಳೇ ಪಂಚೆಯಲ್ಲಿ ಒರೆಸಿದಳು, ನೆಲಕ್ಕಂಟಿದ್ದ ಮುದ್ದೆ ಕೆರೆದಳು, ಬೇರೆ ತಟ್ಟೆ ಇಟ್ಟಳು. ಹತ್ತು ನಿಮಿಷ ಕಳೆದಿರಬಹುದು, ಭಾವ ನನ್ನ ಕಡೆ ತಿರುಗಿ ನಗುತ್ತಾ, "ಯಾವಾಗ ಬಂದ್ಯೋ? ಊಟ ಆಯ್ತೇನೋ?" ಎಂದರು. ಅವರಿಗೆ ಪೂರ್ತಿ ಮರೆತುಹೋಗಿತ್ತು. ಅಕ್ಕನ ಕೈ ಮಾತ್ರ ಸಂಜೆ ಕಾಫಿ ಸೋಸುವಾಗಲೂ ನಡುಗುತ್ತಿತ್ತು. "ನಮ್ಮನೆಯವರ ಅಂಗಿ ಹಾಕ್ಕೊಂಡು ಬೇರೆ ಯಾರೋ ಬಂದು ಕೂತವ್ರೆ ಕಣೋ," ಎಂದಳು. "ಬಂದೋರೆಲ್ಲ ಚೆನ್ನಾಗೇ ಇದ್ದಾರಲ್ಲ ಅಂತಾರೆ. ಹೂಂ ಅಂತೀನಿ."

ಅಕ್ಕ ಹೇಳಿದ್ದನ್ನು ವೈದ್ಯಲೋಕ ಬಹಳ ಹಿಂದೆಯೇ ಕಂಡಿದೆ. 1848ರ ಸೆಪ್ಟೆಂಬರಿನಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ರೈಲುಹಾದಿಗೆ ಬಂಡೆ ಒಡೆಸುತ್ತಿದ್ದ ಫಿನಿಯಾಸ್ ಗೇಜ್ ಎಂಬ ಮೇಸ್ತ್ರಿಯ ಕೆನ್ನೆಯಿಂದ ನುಗ್ಗಿದ ಕಬ್ಬಿಣದ ಸಲಾಕೆ ನೆತ್ತಿಯಿಂದ ಹೊರಬಿತ್ತು. ಆತ ಬದುಕಿದ, ನಡೆದ, ಮಾತಾಡಿದ. ಆದರೆ ಗೆಳೆಯರಿಗೆ ಆತ ಹಳೆಯ ಗೇಜ್ ಅನ್ನಿಸಲಿಲ್ಲ ಎಂದು ಚಿಕಿತ್ಸೆ ಮಾಡಿದ ಡಾಕ್ಟರ್ ಹಾರ್ಲೋ ಬರೆದಿಟ್ಟರು. ಹಣೆಯ ಹಿಂದಿನ ಮೆದುಳಿನ ಭಾಗವೇ ನಮ್ಮ ಸಿಟ್ಟಿಗೆ ಲಗಾಮು, ನಾಲಗೆಗೆ ಕಡಿವಾಣ, 'ಇದನ್ನು ಈಗ ಮಾಡಬಾರದು' ಎಂಬ ಎಚ್ಚರ. ಬೈಕಿನಿಂದ ಬಿದ್ದಾಗ ಮೆದುಳು ಬುರುಡೆಯೊಳಗಿನ ಒರಟು ಏಣುಗಳಿಗೆ ಉಜ್ಜಿಕೊಳ್ಳುವುದು ಹೆಚ್ಚಾಗಿ ಇಲ್ಲೇ. ಜೊತೆಗೆ ನರತಂತುಗಳು ಎಳೆದು ಹರಿದಂತಾಗುತ್ತವೆ. ಎಷ್ಟೋ ಸಲ ಸಿಟಿ ಸ್ಕ್ಯಾನಿನಲ್ಲಿ ಅದು ಕಾಣುವುದೂ ಇಲ್ಲ. ಹೀಗಾಗಿ ಸ್ಕ್ಯಾನ್ ನಾರ್ಮಲ್, ಮನುಷ್ಯ ನಾರ್ಮಲ್ ಅಲ್ಲ. ಇನ್ನೊಂದು ತೊಡಕೆಂದರೆ, ತನ್ನಲ್ಲಿ ಬದಲಾವಣೆ ಆಗಿದೆ ಎಂದು ಗುರುತಿಸುವ ಶಕ್ತಿಯೇ ಕೆಲವರಲ್ಲಿ ಹೋಗಿರುತ್ತದೆ. "ನನಗೇನಾಗಿದೆ? ಬೈಕಿನ ಕೀ ಕೊಡು" ಎಂದು ಭಾವ ದಿನಕ್ಕೆ ಐದು ಸಲ ಕೇಳುವುದು ಹಟದಿಂದಲ್ಲ. (ಗೇಜ್ ಕೊನೆಗೆ ಬಂದು ಸೇರಿದ್ದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿದ್ದ ತಾಯಿಯ ಬಳಿ. ಅಲ್ಲೇ 1860ರಲ್ಲಿ ಫಿಟ್ಸ್ ಬಂದು ತೀರಿಕೊಂಡ. ಅವನ ಬುರುಡೆ ಇವತ್ತಿಗೂ ಹಾರ್ವರ್ಡ್‌ನ ಮ್ಯೂಸಿಯಮ್ಮಿನಲ್ಲಿದೆ. ಆ ತಾಯಿ ಮಾತ್ರ ವೈದ್ಯಪುಸ್ತಕಗಳಲ್ಲಿ ಒಂದು ಸಾಲಿನಲ್ಲಿ ಬಂದು ಹೋಗುತ್ತಾಳೆ.)

ತಲೆಗೆ ಪೆಟ್ಟು ಬಿದ್ದವರ ಪ್ರಜ್ಞೆ ಎಷ್ಟಿದೆ ಎಂದು 3ರಿಂದ 15ರ ತನಕ ಅಂಕ ಕೊಡುವ ಗ್ಲಾಸ್ಗೋ ಕೋಮಾ ಸ್ಕೇಲ್ ಅನ್ನು ಸ್ಕಾಟ್ಲೆಂಡಿನ ಟೀಸ್‌ಡೇಲ್ ಮತ್ತು ಜೆನೆಟ್ ರೂಪಿಸಿದ್ದು 1974ರಲ್ಲಿ. ಭಾವನ ಡಿಸ್ಚಾರ್ಜ್ ಸಮ್ಮರಿಯಲ್ಲೂ ಆ ಅಂಕವಿತ್ತು. ಅದೇ ಗ್ಲಾಸ್ಗೋ ಊರಿನಲ್ಲಿ 1980ರ ದಶಕದಲ್ಲಿ ನೀಲ್ ಬ್ರೂಕ್ಸ್ ಮತ್ತವರ ಸಂಗಡಿಗರು ಇನ್ನೊಂದು ಕೆಲಸ ಮಾಡಿದರು. ತೀವ್ರ ಪೆಟ್ಟು ಬಿದ್ದವರ ಮನೆಯವರನ್ನು ಐದು ವರ್ಷ ಬಿಡದೆ ಮಾತಾಡಿಸಿದರು. ಕಾಲ ಕಳೆದಂತೆ ಹೊರೆ ಹಗುರಾಗುತ್ತದೆ ಎಂದು ಯಾರಾದರೂ ಊಹಿಸುವುದು ಸಹಜ. ಅವರಿಗೆ ಸಿಕ್ಕಿದ್ದು ತದ್ವಿರುದ್ಧ ಉತ್ತರ: ಮೊದಲ ವರ್ಷಕ್ಕಿಂತ ಐದನೇ ವರ್ಷದಲ್ಲಿ ಮನೆಯವರು ಹೆಚ್ಚು ಕುಗ್ಗಿದ್ದರು. ಕೈಕಾಲು ಸೋತದ್ದಕ್ಕಿಂತ ಸ್ವಭಾವ ಬದಲಾದದ್ದೇ ಅವರನ್ನು ಹೆಚ್ಚು ಹಣ್ಣು ಮಾಡಿತ್ತು. ಯೋಚಿಸಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಚೇತರಿಕೆ ಬೇಗಬೇಗ ಆಗುವುದು ಮೊದಲ ಆರು ತಿಂಗಳಲ್ಲಿ. ಆಗ ನೆಂಟರೂ ಇರುತ್ತಾರೆ, ಫೋನುಗಳೂ ಬರುತ್ತವೆ, ನಾಳೆ ಸರಿಹೋದೀತು ಎಂಬ ಆಸೆಯೂ ಇರುತ್ತದೆ. ಐದನೇ ವರ್ಷದ ಹೊತ್ತಿಗೆ ಉಳಿಯುವುದು ಅವರಿಬ್ಬರೇ.

ಸಾವಿಗಾದರೆ ನಮ್ಮಲ್ಲಿ ವ್ಯವಸ್ಥೆಯಿದೆ. ಹನ್ನೊಂದನೇ ದಿನವಿದೆ, ತಿಥಿಯಿದೆ, ಅಳುವವರ ಪಕ್ಕ ಕೂರಲು ಊರೇ ಬರುತ್ತದೆ. ಗಂಡ ಬದುಕಿದ್ದು, ಗಂಡನಾಗಿ ಉಳಿಯದಿದ್ದರೆ ಅದಕ್ಕೆ ಯಾವ ತಿಥಿ? ಅಮೆರಿಕದ ಪಾಲೀನ್ ಬಾಸ್ ಎಂಬ ಕುಟುಂಬ ತಜ್ಞೆ ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಯವರ ಜೊತೆ 1970ರ ದಶಕದಲ್ಲಿ ಕೆಲಸ ಮಾಡುತ್ತಾ ಈ ದುಃಖಕ್ಕೆ ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ ಅದನ್ನು 'ಇತ್ಯರ್ಥವಾಗದ ನಷ್ಟ' ಎನ್ನಬಹುದೇನೋ. ಮನುಷ್ಯ ಕಣ್ಮರೆಯಾಗಿ ಮನಸ್ಸಿನಲ್ಲಿ ಉಳಿಯುವುದು ಒಂದು ಬಗೆ. ಎದುರಿಗೇ ಕೂತಿದ್ದು ಒಳಗಿನಿಂದ ಹೊರಟುಹೋಗುವುದು ಇನ್ನೊಂದು. ಅಕ್ಕ ಕುಂಕುಮ ಇಟ್ಟುಕೊಳ್ಳುತ್ತಾಳೆ, ಮುತ್ತೈದೆಯೆಂದು ಅರಿಶಿನ ಕುಂಕುಮಕ್ಕೆ ಕರೆಯುತ್ತಾರೆ. ಹೋದ ಮನೆಯಲ್ಲಿ ಅತ್ತರೆ ಅಪಶಕುನ.

ಇನ್ನು ಯಾರೂ ಬಾಯಿಬಿಟ್ಟು ಹೇಳದ ಮಾತು. "ಅವತ್ತೇ ಹೋಗಿಬಿಟ್ಟಿದ್ರೆ ಅವರಿಗೂ ಚೆನ್ನಾಗಿತ್ತು, ನಮಗೂ ಚೆನ್ನಾಗಿತ್ತು" ಎಂಬ ಯೋಚನೆ ಇಂಥ ಮನೆಗಳಲ್ಲಿ ಬರುತ್ತದೆ. ನಡುರಾತ್ರಿ ಮೂರನೇ ಸಲ ಬಟ್ಟೆ ಬದಲಿಸುವಾಗ ಬರುತ್ತದೆ. ಬಂದ ಮರುಕ್ಷಣವೇ 'ನಾನೆಂಥ ಪಾಪಿ' ಎಂಬುದೂ ಬರುತ್ತದೆ. ಈ ಎರಡರ ನಡುವೆ ಒದ್ದಾಡಿಯೇ ಬಹಳ ಮಂದಿ ನಿದ್ದೆ ಕೆಡಿಸಿಕೊಳ್ಳುವುದು. ಮ್ಯೂರಿಯಲ್ ಲೆಜಾಕ್ ಎಂಬ ನರಮನೋವಿಜ್ಞಾನಿ 1978ರಲ್ಲೇ ಇಂಥ ಕುಟುಂಬಗಳಿಗಾಗಿ ಬರೆದ ಲೇಖನವೊಂದರಲ್ಲಿ ತುಂಬಾ ನೇರವಾಗಿ ಹೇಳಿದ್ದರು: ಸಿಟ್ಟು, ಬೇಸರ, ದುಃಖ ಬರುವುದು ಸಹಜ, ನೋಡಿಕೊಳ್ಳುವವರು ಮೊದಲು ತಮ್ಮನ್ನು ನೋಡಿಕೊಳ್ಳದಿದ್ದರೆ ರೋಗಿಗೂ ದಿಕ್ಕಿಲ್ಲ, ಅವರನ್ನು ಮೊದಲಿನಂತೆ ಮಾಡುವುದು ನಿಮ್ಮ ಕೈಯಲ್ಲಿಲ್ಲ, ಆದ್ದರಿಂದ ಅದರ ತಪ್ಪೂ ನಿಮ್ಮದಲ್ಲ. ಮಕ್ಕಳ ಕ್ಷೇಮಕ್ಕೇ ಕುತ್ತು ಬಂದರೆ ಯಾರ ಕಡೆ ನಿಲ್ಲಬೇಕೆಂದು ಯೋಚಿಸಲೇಬೇಕಾಗುತ್ತದೆ ಎಂದೂ ಬರೆದಿದ್ದರು. ನಮ್ಮಲ್ಲಿ ಇಷ್ಟು ನೇರ ಮಾತನ್ನು ಯಾರೂ ಆಡುವುದಿಲ್ಲ. "ನಿನ್ನಂಥೋಳು ಸಿಕ್ಕಿದ್ದು ಅವನ ಪುಣ್ಯ" ಎನ್ನುತ್ತೇವೆ. ಹೊಗಳಿಕೆಯಂತೆ ಕೇಳಿಸುವ ಈ ಮಾತಿನಷ್ಟು ಬಿಗಿಯಾದ ಹಗ್ಗ ಇನ್ನೊಂದಿಲ್ಲ ಎಂದು ನನಗೆ ಅನ್ನಿಸಿದೆ. ಸಾವಿತ್ರಿ ಎಂದು ಕರೆಸಿಕೊಂಡವಳು "ನನಗೆ ಸಾಕಾಗಿದೆ" ಎನ್ನುವುದು ಹೇಗೆ?

ಹೊನ್ನಾವರದ ಹಳದೀಪುರದ ಅರುಣಾ ಶಾನಭಾಗರ ವಿಷಯ ಓದುಗರಿಗೆ ಗೊತ್ತಿರುತ್ತದೆ. ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವರ ಮೇಲೆ 1973ರ ನವೆಂಬರ್ 27ರಂದು ಹಲ್ಲೆಯಾಯಿತು. ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದದ್ದರಿಂದ ಮೆದುಳಿಗೆ ಆಮ್ಲಜನಕ ನಿಂತು, ಅವರು ಮತ್ತೆ ಮೊದಲಿನಂತೆ ಏಳಲಿಲ್ಲ. 2015ರ ಮೇ 18ರಂದು ತೀರಿಕೊಳ್ಳುವ ತನಕ, ಹೆಚ್ಚುಕಡಿಮೆ 42 ವರ್ಷ, ಅದೇ ಆಸ್ಪತ್ರೆಯ ನರ್ಸುಗಳು ಅವರನ್ನು ನೋಡಿಕೊಂಡರು. 2011ರಲ್ಲಿ ಸುಪ್ರೀಂ ಕೋರ್ಟ್ ದಯಾಮರಣದ ತೀರ್ಪು ಕೊಡುವಾಗ ಅವರ ಮೈಮೇಲೆ ಒಂದು ಹಾಸಿಗೆ ಹುಣ್ಣೂ ಆಗದಂತೆ ಕಾಪಾಡಿದ್ದನ್ನು ಮೆಚ್ಚಿತು. ಆ ತೀರ್ಪಿನ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ. ನಾನು ಇಲ್ಲಿ ಹೇಳುವುದು ಅದರಲ್ಲಿ ಯಾರೂ ಎತ್ತದ ಒಂದು ಸಣ್ಣ ಸಂಗತಿ. ಆ ನರ್ಸುಗಳ ಮಮತೆ ದೊಡ್ಡದು, ನಿಜ. ಆದರೆ ಅವರಿಗೆ ಪಾಳಿಯೂ ಇತ್ತು. ಬೆಳಗಿನವರು ಮಧ್ಯಾಹ್ನದವರಿಗೆ ಒಪ್ಪಿಸಿ ಮನೆಗೆ ಹೋಗುತ್ತಿದ್ದರು. ವಾರದ ರಜೆಯಿತ್ತು, ತಿಂಗಳ ಸಂಬಳವಿತ್ತು, ನಿವೃತ್ತಿಯಿತ್ತು; ಒಂದು ತಲೆಮಾರು ಹೋಗಿ ಇನ್ನೊಂದು ತಲೆಮಾರು ಬಂತು. ಒಬ್ಬ ರೋಗಿಯನ್ನು ಅಷ್ಟು ಚೆನ್ನಾಗಿ ನೋಡಿಕೊಳ್ಳಲು ಒಂದು ಇಡೀ ಆಸ್ಪತ್ರೆ ಬೇಕಾಯಿತು. ಅದೇ ಕೆಲಸವನ್ನು ಮೂರು ಅಂಕಣದ ಮನೆಯಲ್ಲಿ ಒಬ್ಬ ಹೆಂಗಸಿಗೆ ವಹಿಸಿ, ಅವಳು ಸಿಡುಕಿದರೆ "ಯಾಕೋ ಇತ್ತೀಚೆಗೆ ತಾಳ್ಮೆ ಕಡಿಮೆಯಾಗಿದೆ" ಎನ್ನುತ್ತೇವೆ.

ಪಾಳಿ. ಆರೈಕೆ ಮಾಡುವವರ ಮಾನಸಿಕ ಆರೋಗ್ಯ ಎಂಬ ದೊಡ್ಡ ಮಾತಿನಲ್ಲಿ ಬಹುಪಾಲು ಇರುವುದು ಇದೇ ಎಂದು ನನ್ನ ಎಣಿಕೆ. ಧ್ಯಾನ ಮಾಡಿ, ಪಾಸಿಟಿವ್ ಆಗಿರಿ, ಡೈರಿ ಬರೆಯಿರಿ ಎಂಬ ಉಪದೇಶಗಳು ತಪ್ಪೇನಲ್ಲ. ಆದರೆ ಧ್ಯಾನಕ್ಕೆ ಕೂರುವ ಇಪ್ಪತ್ತು ನಿಮಿಷ ರೋಗಿಯ ಬಳಿ ಯಾರಿರುತ್ತಾರೆ ಎಂದು ಉಪದೇಶ ಮಾಡುವವರು ಹೇಳುವುದಿಲ್ಲ.

ನಮ್ಮ ನೆಂಟರ ಪದ್ಧತಿ ನೋಡಿ. ಹಾರ್ಲಿಕ್ಸ್ ಬಾಟಲಿ, ಒಂದು ಡಜನ್ ಮೂಸಂಬಿ ಹಿಡಿದು 'ನೋಡಿಕೊಂಡು ಬರಲು' ಹೋಗುತ್ತೇವೆ. ರೋಗಿಯ ತಲೆದೆಸೆಯಲ್ಲಿ ಕೂತು, ಬೇರೆ ಯಾರಿಗೋ ಹೀಗೇ ಆಗಿ ಕೇರಳದ ಎಣ್ಣೆ ಚಿಕಿತ್ಸೆಯಲ್ಲಿ ವಾಸಿಯಾದದ್ದನ್ನು ಹೇಳುತ್ತೇವೆ. ಅಕ್ಕ ಕಾಫಿ ಮಾಡಿ ಕೊಡಬೇಕು, ಲೋಟ ತೊಳೆಯಬೇಕು, ಅಪಘಾತದ ಕಥೆಯನ್ನು ಮೊದಲಿನಿಂದ ಹೇಳಬೇಕು. ನಾವು ಹೊರಟ ಮೇಲೆ ಅವಳಿಗೆ ಕೆಲಸ ಒಂದು ಗಂಟೆ ಹೆಚ್ಚಾಗಿರುತ್ತದೆ. ಇದರ ಬದಲು "ಗುರುವಾರ ಮಧ್ಯಾಹ್ನ ಮೂರರಿಂದ ಆರರ ತನಕ ನಾನು ಬಂದು ಭಾವನ ಹತ್ತಿರ ಕೂತಿರ್ತೀನಿ, ನೀನು ಎಲ್ಲಿಗಾದರೂ ಹೋಗು" ಎಂದು ದಿನ, ಗಂಟೆ ಸಮೇತ ಹೇಳಿದರೆ ಅದು ಸಹಾಯ. "ಏನಾದ್ರೂ ಬೇಕಿದ್ರೆ ಹೇಳು" ಎಂಬುದು ಬರೀ ಉಪಚಾರದ ಮಾತು, ಯಾರೂ ಹೇಳುವುದಿಲ್ಲ.

ಕೂರುವವರಿಗೂ ಒಂದಿಷ್ಟು ಕಸುಬು ಬೇಕು, ಅದು ಕಷ್ಟದ್ದೇನಲ್ಲ. ವಾದ ಮಾಡಬಾರದು, ವಾದದಲ್ಲಿ ಗೆದ್ದರೂ ಹತ್ತು ನಿಮಿಷಕ್ಕೆ ಅವರು ಮರೆತಿರುತ್ತಾರೆ, ನಿಮ್ಮ ತಲೆನೋವು ಉಳಿದಿರುತ್ತದೆ. ಒಂದು ಸಲಕ್ಕೆ ಒಂದೇ ಮಾತು, ಚಿಕ್ಕ ಮಾತು. ಟಿವಿ, ಮಿಕ್ಸಿ, ನಾಲ್ಕು ಜನರ ಹರಟೆ ಒಟ್ಟಿಗೆ ನಡೆದರೆ ಪೆಟ್ಟು ತಿಂದ ಮೆದುಳಿಗೆ ತಡೆಯಲಾಗುವುದಿಲ್ಲ, ಸಿಟ್ಟು ಅಲ್ಲಿಂದ ಶುರುವಾಗುತ್ತದೆ. ಸಿಟ್ಟು ಏರಿದಾಗ ಸಮಾಧಾನ ಮಾಡಲು ಹೋಗದೆ, ಕೈಗೆ ಸಿಗುವ ಚೂಪು ವಸ್ತು ತೆಗೆದಿಟ್ಟು, ಪಕ್ಕದ ಕೋಣೆಗೆ ಹೋಗಿ ನಿಂತರೂ ಸಾಕು. ಇನ್ನೊಂದು ವಿಷಯ: ಫಿಟ್ಸಿಗೆ ಕೊಡುವ ಕೆಲವು ಮಾತ್ರೆಗಳು ಸಿಡುಕನ್ನು ಹೆಚ್ಚಿಸುವುದುಂಟು. ತಾವಾಗಿ ನಿಲ್ಲಿಸಿದರೆ ಫಿಟ್ಸ್ ಮರುಕಳಿಸುತ್ತದೆ, ಹಾಗೆ ಮಾಡಲೇಬಾರದು. ಆದರೆ "ಈ ಮಾತ್ರೆ ಶುರುವಾದ ಮೇಲೆ ಹೀಗೆ" ಎಂದು ಡಾಕ್ಟರಿಗೆ ಹೇಳಿದರೆ ಬೇರೆಯದು ಕೊಡಬಲ್ಲರು. ಇದನ್ನು ಯಾರೂ ಹೇಳದೆ ಎರಡು ವರ್ಷ ಕಳೆದ ಮನೆಗಳನ್ನು ಬಲ್ಲೆ.

ಮನೆಯವರನ್ನು ಆಸ್ಪತ್ರೆಯ ಒಳಗೆ ಬಿಟ್ಟುಕೊಂಡದ್ದು ನಮ್ಮ ದೇಶದ ಹಿರಿಮೆ ಎಂದು ಓದಿದ್ದೇನೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಜೊತೆ ಮನೆಯವರೂ ಇರಲೆಂದು ಡೇರೆ ಹಾಕಿಸಿಕೊಟ್ಟರು. ನಮ್ಮ ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗಾಗಿಯೇ ಬೇರೆ ಕೇಂದ್ರವಿದೆ, ನರರೋಗಿಗಳ ಪುನಶ್ಚೇತನಕ್ಕೂ ವಿಭಾಗವಿದೆ. ಅಲ್ಲೆಲ್ಲ ಮನೆಯವರನ್ನು ಕೂರಿಸಿಕೊಂಡು ಕಲಿಸುವುದು, ಅವರ ಕಷ್ಟ ಕೇಳುವುದು ಚಿಕಿತ್ಸೆಯ ಭಾಗ. ಉಳಿದ ಕಡೆ ಆ ಪರಂಪರೆಯಲ್ಲಿ ಉಳಿದದ್ದು ಓಡಾಟ ಮಾತ್ರ: ಚೀಟಿ, ರಕ್ತ, ಬಿಲ್ಲು, ಸ್ಟ್ರೆಚರ್ ತಳ್ಳುವುದು. ಸಂಬಳವಿಲ್ಲದ ವಾರ್ಡ್‌ಬಾಯ್.

ಕಾನೂನಿನ ಕಡೆ ನೋಡಿದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿಯಿದೆ. ತಲೆಪೆಟ್ಟಿನಿಂದ ಆಗುವ ಮೆದುಳಿನ ಹಾನಿ ಅದರಲ್ಲಿ ತನ್ನ ಹೆಸರಿನಿಂದ ಇಲ್ಲ; ಕೈಕಾಲು ಸೋತಿದ್ದರೆ ಒಂದು ಬಾಗಿಲು, ಮಾತು ಹೋಗಿದ್ದರೆ ಇನ್ನೊಂದು ಬಾಗಿಲು ಬಡಿಯಬೇಕು. ನಡೆಯುವ, ಮಾತಾಡುವ, ತಟ್ಟೆ ಎಸೆಯುವ ಭಾವನಂಥವರು ಯಾವ ಬಾಗಿಲಿಗೆ ಹೋಗಬೇಕು? ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆ ಭತ್ಯೆ ಕೊಡುವ ಮಾತು ಅದೇ ಕಾಯ್ದೆಯ 24ನೇ ಕಲಮಿನಲ್ಲಿದೆ. ಕೇರಳದಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ 'ಆಶ್ವಾಸಕಿರಣಂ' ಹೆಸರಲ್ಲಿ ತಿಂಗಳಿಗೆ 600 ರೂಪಾಯಿಯ ಯೋಜನೆಯಿದೆ. ನಮ್ಮ ರಾಜ್ಯದ 2024-25ರ ಬಜೆಟ್ಟಿನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲಿರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಘೋಷಣೆಯಾಯಿತು. ತಲೆಪೆಟ್ಟಿನವರು ಆ ಸಾಲಿನಲ್ಲೂ ಇರಲಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎಂಬುದು ಪತ್ರಿಕೆಗಳ ತಲೆಬರಹವಾಯಿತು. ಅದೇ ಸರ್ಕಾರಿ ವರದಿಯಲ್ಲಿ ಗಾಯಗೊಂಡವರು 4,43,366 ಎಂದಿದೆ. ಅವರಲ್ಲಿ ಒಬ್ಬೊಬ್ಬರಿಗೂ ಒಬ್ಬ 'ಕಡೆಯವರು' ಇದ್ದಾರೆ.

ಈ ಕೆಲಸಕ್ಕೆ ಲೆಕ್ಕ ಹಾಕಿ ಬೆಲೆ ಕಟ್ಟಿದ್ದನ್ನು ನಾನು ಕಂಡದ್ದು ಒಂದೇ ಕಡೆ. ಹರಿಯಾಣದ 12 ವರ್ಷದ ಹುಡುಗಿಯೊಬ್ಬಳು ಅಪಘಾತದಲ್ಲಿ ಮೆದುಳಿಗೆ ಪೆಟ್ಟಾಗಿ ಪೂರ್ತಿ ಪರಾವಲಂಬಿಯಾದ ಪ್ರಕರಣದಲ್ಲಿ, 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ನೋಡಿಕೊಳ್ಳುವವರ ಖರ್ಚನ್ನು ಹೀಗೆ ಲೆಕ್ಕ ಹಾಕಿತು: ತಿಂಗಳಿಗೆ 5,000 ರೂಪಾಯಿಯಂತೆ ಇಬ್ಬರು, ವರ್ಷಕ್ಕೆ 1,20,000, ಅದರ 18 ಪಟ್ಟು 21,60,000. ಮೊತ್ತ ಚಿಕ್ಕದು ಎನ್ನಬಹುದು. ನನ್ನ ಕಣ್ಣಿಗೆ ಬಿದ್ದದ್ದು 'ಇಬ್ಬರು' ಎಂಬ ಪದ. ಅಪಘಾತ ಪರಿಹಾರದ ಕೇಸು ನಡೆಸುತ್ತಿರುವವರು ತಮ್ಮ ವಕೀಲರಿಗೆ ಈ ತೀರ್ಪನ್ನು ನೆನಪಿಸಿದರೆ ಒಳ್ಳೆಯದು. ಮನೆಯವರೇ ನೋಡಿಕೊಳ್ಳುತ್ತಿದ್ದಾರೆ, ಖರ್ಚೇನು ಬಂತು ಎಂದು ಆ ಬಾಬ್ತನ್ನೇ ಬಿಟ್ಟುಬಿಡುವುದುಂಟು.

ಅಕ್ಕನ ಅಡುಗೆಮನೆಯಲ್ಲಿ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ತೂಗುತ್ತಿರುತ್ತದೆ. ಫಿಟ್ಸ್ ಬಂದ ದಿನಕ್ಕೆ ಕೆಂಪು ಚುಕ್ಕೆ, ಮಾತ್ರೆ ಮುಗಿಯುವ ದಿನಕ್ಕೆ ಗೀಟು, ಗ್ಯಾಸ್ ಬುಕ್ ಮಾಡಿದ್ದಕ್ಕೆ ಒಂದು ಸೊನ್ನೆ. ಅದೇ ಗೂಡಿನಲ್ಲಿ ಒಮ್ಮೆ ಅವಳ ಬಿಪಿ ಮಾತ್ರೆಯ ಖಾಲಿ ಸ್ಟ್ರಿಪ್ ನೋಡಿದೆ. ಯಾವಾಗ ಮುಗಿದದ್ದೆಂದು ಅವಳಿಗೂ ನೆನಪಿರಲಿಲ್ಲ. ಇದೇ ಮೊದಲ ಸೂಚನೆ. ಆಮೇಲಿನವು ಒಂದೊಂದಾಗಿ ಬರುತ್ತವೆ: ರೋಗಿ ಮಲಗಿದ್ದರೂ ತನಗೆ ನಿದ್ದೆ ಹತ್ತದಿರುವುದು, ಬೆನ್ನುನೋವು, ಹೊಟ್ಟೆ ಉರಿ, ಸೀರಿಯಲ್ ನೋಡಿದರೂ ತಲೆಗೆ ಹೋಗದಿರುವುದು, ಸಣ್ಣದಕ್ಕೆ ಅಳು, ಹಬ್ಬ ಬಂದರೆ ಭಯ. ಎರಡು ವಾರಕ್ಕೂ ಹೆಚ್ಚು ಹೀಗೇ ಇದ್ದರೆ ಅದನ್ನು ದಣಿವು ಎಂದು ತಳ್ಳಿಹಾಕಬಾರದು, ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆಯಿದೆ, ಮಾತ್ರೆಯಿದೆ, ವಾಸಿಯಾಗುತ್ತದೆ. ಅಮೆರಿಕದ ಸ್ಟೀವನ್ ಝಾರಿಟ್ 1980ರಲ್ಲಿ ಆರೈಕೆ ಮಾಡುವವರ ಹೊರೆ ಅಳೆಯಲೆಂದೇ ಒಂದು ಪ್ರಶ್ನಾವಳಿ ಮಾಡಿದರು. ಈಗ ಬಳಕೆಯಲ್ಲಿರುವುದರಲ್ಲಿ 22 ಪ್ರಶ್ನೆಗಳಿವೆ. ಅಷ್ಟೆಲ್ಲ ಬೇಡ, ಒಂದೇ ಪ್ರಶ್ನೆ ಸಾಕಾಗುತ್ತದೆ ಎಂಬುದನ್ನು ನಾನು ನೋಡಿದ್ದೇನೆ. ಎರಡು ವರ್ಷದ ಹಿಂದೆ ಭಾವನ ಚೆಕಪ್ಪಿಗೆ ಹೋದಾಗ ಸಮಾಜ ಕಾರ್ಯಕರ್ತೆಯೊಬ್ಬರು ಫೈಲು ಮುಚ್ಚಿಟ್ಟು, "ನೀವು ಹೇಗಿದೀರಮ್ಮ?" ಎಂದು ಕೇಳಿದರು. ಮೂರು ವರ್ಷದಲ್ಲಿ ಆ ಪ್ರಶ್ನೆ ಕೇಳಿದ ಮೊದಲಿಗರು ಅವರು. ಅಕ್ಕ ಅರ್ಧ ಗಂಟೆ ಅತ್ತಳು.

ಹಳ್ಳಿಯಲ್ಲಿ ಅಂಥ ಕಾರ್ಯಕರ್ತೆಯರು ಸಿಗುವುದಿಲ್ಲ. ಫೋನ್ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್‌ನ ನಂಬರ್ 14416. ಹಗಲು ರಾತ್ರಿ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ರೋಗಿಯ ವಿಷಯಕ್ಕಷ್ಟೇ ಅಲ್ಲ, ನೋಡಿಕೊಳ್ಳುವವರು ತಮ್ಮ ವಿಷಯಕ್ಕೂ ಮಾಡಬಹುದು. ಸಾಯುವ ಯೋಚನೆ ತಮ್ಮ ಬಗ್ಗೆಯೇ ಬರತೊಡಗಿದ್ದರೆ ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ ಮಾಡಬೇಕು.

ಆ ಸಮಾಜ ಕಾರ್ಯಕರ್ತೆ ಇನ್ನೊಂದು ಕೆಲಸ ಮಾಡಿದ್ದರು. ಭಾವನ ತಮ್ಮನನ್ನು ಒಳಗೆ ಕರೆಸಿ, ಓಪಿಡಿ ಪುಸ್ತಕದಲ್ಲಿ ಮಾತ್ರೆಗಳ ಕೆಳಗೆ, 'ವಾರಕ್ಕೆ ಒಂದು ಮಧ್ಯಾಹ್ನ ಪತ್ನಿಗೆ ಬಿಡುವು' ಎಂದು ಬರೆದು ಸೀಲು ಒತ್ತಿಕೊಟ್ಟರು. ಅಕ್ಕನ ಮಾತಿಗೆ ಬಗ್ಗದ ಮೈದುನ ಸೀಲಿಗೆ ಬಗ್ಗಿದ. ಗುರುವಾರ ಎಂದು ಗೊತ್ತಾಯಿತು. ಮೊದಲ ಗುರುವಾರ ಮೂರು ಗಂಟೆಗೆ ಸೀರೆ ಬದಲಿಸಿ ಹೊರಟವಳಿಗೆ ಎಲ್ಲಿಗೆ ಹೋಗುವುದೆಂದೇ ತಿಳಿಯಲಿಲ್ಲವಂತೆ. ಯಾರ ಮನೆಗೆ ಹೋದರೂ ಭಾವನ ವಿಷಯವೇ ಕೇಳುತ್ತಾರೆ. ಅರಸೀಕೆರೆ ಸ್ಟ್ಯಾಂಡಿಗೆ ಹೋಗಿ ನಿಂತಿದ್ದ ತಿಪಟೂರು ಬಸ್ಸು ಹತ್ತಿದಳು, ಆಧಾರ್ ತೋರಿಸಿ ಶಕ್ತಿ ಟಿಕೆಟ್ ತಗೊಂಡಳು. "ಕಿಟಕಿ ಪಕ್ಕ ಸೀಟು ಸಿಕ್ತು ಕಣೋ," ಎಂದಳು ನನಗೆ ಫೋನಿನಲ್ಲಿ. "ಊರು ದಾಟೋ ಅಷ್ಟರಲ್ಲಿ ನಿದ್ದೆ. ತಿಪಟೂರಲ್ಲಿ ಕಂಡಕ್ಟ್ರು ಎಬ್ಬಿಸಿ, ಯಾವ ಕಡೆ ಹೋಗ್ಬೇಕಮ್ಮ ಅಂದ. ಎಲ್ಲಿಗೂ ಇಲ್ಲ, ಇದೇ ಬಸ್ಸು ವಾಪಸ್ ಹೋಗತ್ತಾ ಅಂತ ಕೇಳಿದೆ."